ರೋಸೇಶಿಯಾ ಮುಖಕ್ಕೆ ಏನು ಹಚ್ಚಿದರೂ ಉರಿ, ಮೇಲಿಂದ ಬಿಸಿಲಲ್ಲಿ ನಿಲ್ಲುವ ಕೆಲಸ. ಏನು ಮಾಡಲಿ?

ಪಿಟಿಸರ್_ರಾಯಚೂರು
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಅಂದರೆ ಅರ್ಧ ದಿನ ಮೈದಾನದಲ್ಲೇ. ರಾಯಚೂರಿನ ಬಿಸಿಲಿನ ಬಗ್ಗೆ ಹೇಳಬೇಕಾಗಿಲ್ಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ.

ಎರಡೂ ಕೆನ್ನೆ, ಮೂಗು ಸದಾ ಬಿಸಿ. ಸಣ್ಣ ಗುಳ್ಳೆಗಳು. ಒಬ್ಬರು ಮೊಡವೆ ಅಂದರು, ಇನ್ನೊಬ್ಬರು ಉಷ್ಣ ಅಂದರು. ಕೊನೆಗೆ ಚರ್ಮದ ಡಾಕ್ಟರ್ ರೋಸೇಶಿಯಾ (ಮುಖ ಪದೇ ಪದೇ ಕೆಂಪಾಗಿ ಕಾಯುವ ಚರ್ಮದ ಕಾಯಿಲೆ) ಅಂತ ಹೇಳಿ ಮೆಟ್ರೋನಿಡಜೋಲ್ ಜೆಲ್ ಕೊಟ್ಟರು. ಗುಳ್ಳೆ ಇಳಿದಿವೆ.

ಈಗಿನ ಗೋಳು ಬೇರೆ. ಯಾವ ಸನ್‌ಸ್ಕ್ರೀನ್ ಹಚ್ಚಿದರೂ ಸ್ವಲ್ಪ ಹೊತ್ತಿಗೆ ಕೆನ್ನೆ ಉರಿ, ಬೆವರಿನ ಜೊತೆ ಕಣ್ಣಿಗಿಳಿದು ನೀರು. ಮಾಯಿಶ್ಚರೈಸರ್ ಹಚ್ಚಿದರೂ ಚುರುಚುರು. 'ಸೂಕ್ಷ್ಮ ಚರ್ಮಕ್ಕೆ ತಂಪು' ಅಂತ ಬರೆದ ಲೋಷನ್ ತಂದೆ, ಅದರ ಉರಿ ಎಲ್ಲಕ್ಕಿಂತ ಜಾಸ್ತಿ. ಸಲೂನಿನಲ್ಲಿ ಶೇವ್ ಮಾಡಿಸಿದ ದಿನ ಸಂಜೆವರೆಗೂ ಮುಖ ಕೆಂಪು. ಸ್ಟಾಫ್ ರೂಮಲ್ಲಿ "ಏನ್ ಸರ್, ನಿನ್ನೆ ರಾತ್ರಿ ಜೋರಾಗಿತ್ತಾ?" ಅಂತ ನಗುತ್ತಾರೆ. ನಾನು ಕುಡಿಯುವವನೇ ಅಲ್ಲ.

ಉರಿ ಶುರುವಾದಾಗ ತಕ್ಷಣ ಏನು ಮಾಡಬೇಕು? ಯಾವುದರಿಂದ ಆಯಿತು ಅಂತ ಕಂಡುಹಿಡಿಯುವುದು ಹೇಗೆ? ಬಿಸಿಲಿಗೆ ಏನು ದಾರಿ?

ಮಜ್ಜಿಗೆಹುಳಿ
ಸರ್, ಇದು ಉಷ್ಣವೇ. ಲೋಳೆಸರ ಹಚ್ಚಿ, ಎಣ್ಣೆಸ್ನಾನ ಮಾಡಿ, ದಿನಾ ಮಜ್ಜಿಗೆ ಕುಡಿಯಿರಿ. ವಾರದಲ್ಲಿ ಮಾಯ.

ಉರಿಮುಖಿ
ಮಜ್ಜಿಗೆ ಕುಡಿಯಲಿ ಪಾಪ, ಯಾರೂ ಬೇಡ ಅನ್ನಲ್ಲ. ಆದರೆ ಗಿಡದಿಂದ ಕಿತ್ತ ಲೋಳೆಸರವನ್ನು ಕೆರಳಿದ ಮುಖಕ್ಕೆ ಹಚ್ಚಬೇಡಿ. ಸಿಪ್ಪೆಯ ಕೆಳಗೆ ಹಳದಿ ರಸ ಇರುತ್ತಲ್ಲ, ಅದು ಚರ್ಮವನ್ನು ಇನ್ನಷ್ಟು ಕೆಣಕುತ್ತದೆ. ಎಣ್ಣೆಸ್ನಾನ ಅಂದರೆ ಹಂಡೆ ತುಂಬ ಸುಡುಸುಡು ನೀರು. ರೋಸೇಶಿಯಾಕ್ಕೆ ಬಿಸಿಯೇ ದೊಡ್ಡ ಶತ್ರು ಕಣ್ರೀ.

ಪಿಟಿ ಸರ್, ನನಗೂ ಇದೇ ಕಾಯಿಲೆ, ಬೆಂಗಳೂರು. ಉರಿ ಶುರುವಾದ ತಕ್ಷಣ ಬರೀ ನೀರಿನಲ್ಲಿ ತೊಳೆಯಿರಿ. ತಣ್ಣೀರು ಸಾಕು, ಐಸ್ ಬೇಡ, ಸೋಪು ಬೇಡವೇ ಬೇಡ. ಟವೆಲಿನಿಂದ ತಿಕ್ಕದೆ ಒತ್ತಿ ಒರೆಸಿ. ಹಳೆಯ ಮೆತ್ತನೆ ಹತ್ತಿ ಬಟ್ಟೆ (ಹಳೆಯ ಪಂಚೆ ತುಂಡು ಇದ್ದರೆ ಇನ್ನೂ ಒಳ್ಳೆಯದು) ನೀರಲ್ಲಿ ಅದ್ದಿ, ಹಿಂಡಿ, 10 ನಿಮಿಷ ಮುಖದ ಮೇಲೆ ಇಟ್ಟುಕೊಳ್ಳಿ. ಫ್ಯಾನ್ ಕೆಳಗೆ ಕೂತುಕೊಳ್ಳಿ. ಉರಿ ಇಳಿಸೋಕೆ ಅಂತ ಇನ್ನೊಂದು ಕ್ರೀಮ್ ಹಚ್ಚಬೇಡಿ. ಎಲ್ಲರೂ ಎಡವುವುದು ಅಲ್ಲೇ: ಒಂದರ ಉರಿಗೆ ಎರಡನೆಯದು, ಎರಡನೆಯದಕ್ಕೆ ಮೂರನೆಯದು.

ಆಮೇಲೆ ಕೆಲವು ವಾರ ಎಲ್ಲವನ್ನೂ ನಿಲ್ಲಿಸಿ. ವಾಸನೆ ಇಲ್ಲದ ಮೆದು ಕ್ಲೆನ್ಸರ್ ಒಂದು, ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಒಂದು, ಅಷ್ಟೇ. ಮಾಯಿಶ್ಚರೈಸರ್ ಕೂಡ ತಡೆಯದಿದ್ದರೆ ಬಿಳಿ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ. ಜೆಲ್ ಬಿಡಬೇಕೋ ಬೇಡವೋ ಅಂತ ಡಾಕ್ಟರ್‌ಗೆ ಒಂದು ಫೋನ್ ಮಾಡಿ ಕೇಳಿ. ಮೇಲ್ಪದರ ಕಿತ್ತುಹೋಗಿರುವ ಚರ್ಮಕ್ಕೆ ಒಳ್ಳೆಯ ಕ್ರೀಮೂ ಉರಿಯುತ್ತದೆ. ಹಾಗಾಗಿ ಈಗ 'ಯಾವುದು ತಪ್ಪು ಕ್ರೀಮ್' ಅಂತ ಹುಡುಕಿದರೆ ಉತ್ತರ ಸಿಗಲ್ಲ.

ಪಿಟಿಸರ್_ರಾಯಚೂರು
ಥ್ಯಾಂಕ್ಸ್ ಅಕ್ಕ. ಪಂಚೆ ತುಂಡು ಮನೆಯಲ್ಲಿ ಬೇಕಾದಷ್ಟಿದೆ.

ನಿರ್ವಾಹಕ
ಒಂದು ನೆನಪು: ಇಲ್ಲಿ ಡಾಕ್ಟರ ಫೋನ್ ನಂಬರ್, ಮುಖದ ಫೋಟೊ ಹಾಕಬೇಡಿ. ಔಷಧಿ ಡೋಸ್ ಹೇಳಬೇಡಿ.

ಬ್ಯಾಡಗಿ_ಖಾರ
ಸರ್, ಮೊದಲು ಆ ಲೋಷನ್ ಹಿಂದೆ ಬರೆದಿರುವುದನ್ನು ಟೈಪ್ ಮಾಡಿ ಹಾಕಿ. ಮುಂದೆ ಏನು ಬರೆದಿದೆ ಅನ್ನುವುದು ಜಾಹೀರಾತು.

ಪಿಟಿಸರ್_ರಾಯಚೂರು
ಅಕ್ಷರ ಇರುವೆಗಿಂತ ಸಣ್ಣ, ಮಗಳ ಹತ್ತಿರ ಓದಿಸಿದೆ. ಅಕ್ವಾ, ಆಲ್ಕೋಹಾಲ್ ಡಿನ್ಯಾಟ್, ಗ್ಲಿಸರಿನ್, ಸೀಟೈಲ್ ಆಲ್ಕೋಹಾಲ್, ಮೆಂಥಾಲ್, ಕ್ಯಾಂಫರ್, ಪರ್ಫ್ಯೂಮ್, ಲಿಮೋನೀನ್, ಲಿನಲೂಲ್... ಇನ್ನೂ ಏನೇನೋ ಇದೆ.

ಬ್ಯಾಡಗಿ_ಖಾರ
ಆಹಾ. ಹೆಸರು ತಂಪು, ಒಳಗೆ ಸ್ಪಿರಿಟ್, ಪುದೀನದ ಸತ್ವ, ಕರ್ಪೂರ. ಸೆಂಟು ಬೇರೆ. ಎರಡು ಆಲ್ಕೋಹಾಲ್!

ಸ್ಕಿನ್‌ಪಿಜಿ
ಚರ್ಮರೋಗದಲ್ಲಿ ಪಿಜಿ ಮಾಡುತ್ತಿದ್ದೇನೆ, ಒಂದು ತಿದ್ದುಪಡಿ. ಸೀಟೈಲ್ ಆಲ್ಕೋಹಾಲ್, ಸ್ಟಿಯರೈಲ್ ಆಲ್ಕೋಹಾಲ್ ಸ್ಪಿರಿಟ್ ಅಲ್ಲ. ಅವು ಮೇಣದಂಥ ಕೊಬ್ಬಿನ ಪದಾರ್ಥ, ಕ್ರೀಮ್ ಗಟ್ಟಿಯಾಗಲು ಹಾಕುತ್ತಾರೆ, ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಕೆಣಕುವುದು ಆಲ್ಕೋಹಾಲ್ ಡಿನ್ಯಾಟ್. ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ. ಇಲ್ಲಿ ನೀರಿನ ನಂತರ ಅದೇ ಇದೆ ಅಂದರೆ ಸಾಕಷ್ಟಿದೆ ಅಂತಲೇ ಅರ್ಥ. ಮೆಂಥಾಲ್, ಕರ್ಪೂರ, ನೀಲಗಿರಿ ಎಣ್ಣೆ, ವಿಚ್ ಹೇಝಲ್ (ಒಂದು ಗಿಡದ ಸತ್ವ), ಸುಗಂಧ: ಈ ಐದರಲ್ಲಿ ಯಾವುದಿದ್ದರೂ ರೋಸೇಶಿಯಾದವರು ಡಬ್ಬಿ ಕೆಳಗಿಡುವುದು ಒಳ್ಳೆಯದು. ಗ್ಲೈಕಾಲಿಕ್ ಆಸಿಡ್, ಸ್ಕ್ರಬ್, ರೆಟಿನಾಲ್ ಕೂಡ ಮುಖ ಕೆರಳಿರುವಾಗ ಬೇಡ.

'ಹೈಪೋಅಲರ್ಜೆನಿಕ್' (ಅಲರ್ಜಿ ಆಗುವುದು ಕಡಿಮೆ) ಅಂತ ಇದ್ದರೂ ನಂಬಿ ಕೂರಬೇಡಿ. ಆ ಪದ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಯಾವ ಮಾನದಂಡವನ್ನೂ ಇಟ್ಟಿಲ್ಲ. 'ಅನ್‌ಸೆಂಟೆಡ್' ಅಂದರೆ ವಾಸನೆ ಬರುವುದಿಲ್ಲ ಅಷ್ಟೇ, ವಾಸನೆ ಮುಚ್ಚಲು ಒಳಗೆ ಬೇರೆ ಸುಗಂಧ ಹಾಕಿರಬಹುದು. ಬೇಕಾಗಿರುವುದು 'ಫ್ರಾಗ್ರನ್ಸ್ ಫ್ರೀ'.

ಮಜ್ಜಿಗೆಹುಳಿ
ನಮ್ಮಜ್ಜಿ ಕಡಲೆಹಿಟ್ಟು, ಅರಿಶಿಣ, ನಿಂಬೆರಸ ಹಚ್ಚಿಕೊಂಡೇ ತೊಂಬತ್ತು ದಾಟಿದರು. ಅವರಿಗೆ ಯಾವ ಡಿನ್ಯಾಟೂ ಗೊತ್ತಿರಲಿಲ್ಲ.

ಉರಿಮುಖಿ
ಅಜ್ಜಿಗೆ ರೋಸೇಶಿಯಾ ಇತ್ತಾ?

ಮಜ್ಜಿಗೆಹುಳಿ
ಇರಲಿಲ್ಲ ಅನ್ನಿಸುತ್ತೆ.

ಉರಿಮುಖಿ
ಮತ್ತೆ?! ನಿಂಬೆರಸದ ಪಿಎಚ್ ಸುಮಾರು 2. ನಮ್ಮ ಚರ್ಮದ್ದು 5ರ ಆಸುಪಾಸು. ಸೋಪಿನದು 9-10. ಆ ಕಡೆಯೂ ಹೊಡೆತ, ಈ ಕಡೆಯೂ ಹೊಡೆತ. ಕಡಲೆಹಿಟ್ಟು ಒಣಗಿದ ಮೇಲೆ ತಿಕ್ಕಿ ತೆಗೆಯುತ್ತಾರಲ್ಲ, ಅದೂ ಒಂದು ಸ್ಕ್ರಬ್ಬೇ.

ಸೆಖೆಯೂರು
ಮಾರಾಯ್ರೆ, ಪ್ಯಾಚ್ ಟೆಸ್ಟ್ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ನಾನು ಮಂಗಳೂರು. ಹೊಸದು ಏನೇ ತಂದರೂ ಮುಂಗೈ ಒಳಭಾಗಕ್ಕೆ ದಿನಕ್ಕೆರಡು ಸಲ, ಒಂದು ವಾರಕ್ಕಿಂತ ಜಾಸ್ತಿ ದಿನ ಹಚ್ಚಿ ನೋಡುತ್ತೇನೆ. ಏನೂ ಆಗದಿದ್ದರೆ ಮಾತ್ರ ಮುಖಕ್ಕೆ.

ಉರಿಮುಖಿ
ನನ್ನ ಮಟ್ಟಿಗೆ ಅದು ದಂಡ. ಕೈ ಮೇಲೆ ಏನು ಹಚ್ಚಿದರೂ ಏನೂ ಆಗಲ್ಲ, ಕೆನ್ನೆಗೆ ಹಚ್ಚಿದ ಎರಡು ನಿಮಿಷಕ್ಕೆ ಉರಿ. ರೋಸೇಶಿಯಾ ಇರುವುದು ಮುಖದಲ್ಲಿ, ಕೈಯಲ್ಲಿ ಅಲ್ಲ.

ಸೆಖೆಯೂರು
ದಂಡ ಅಂತ ಹೇಗೆ ಹೇಳ್ತೀರಿ? ನನಗೆ ಒಂದು ಸನ್‌ಸ್ಕ್ರೀನ್ ಕೈ ಮೇಲೇ ಕಜ್ಜಿ ಎಬ್ಬಿಸಿತು. ಮುಖಕ್ಕೆ ಹಚ್ಚಿದ್ದರೆ ದೇವರೇ ಗತಿ.

ಸ್ಕಿನ್‌ಪಿಜಿ
ಇಬ್ಬರದೂ ಸರಿ, ಯಾಕೆಂದರೆ ಇವು ಎರಡು ಬೇರೆ ಬೇರೆ ಜಗಳ.

ಒಂದು, ಕೆರಳಿಕೆ. ಹಚ್ಚಿದ ನಿಮಿಷಗಳಲ್ಲೇ ಉರಿ, ಚುಚ್ಚಿದಂತೆ ಆಗುವುದು. ರೋಸೇಶಿಯಾದವರಲ್ಲಿ ಹೆಚ್ಚಾಗಿ ಇದೇ. ಇದು ಕೈ ಮೇಲೆ ಗೊತ್ತಾಗದೆ ಹೋಗಬಹುದು. ಇನ್ನೊಂದು, ಅಲರ್ಜಿ. ಇದು ನಿಧಾನ, ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬಿಟ್ಟು ಬರುತ್ತದೆ. ಉರಿಗಿಂತ ತುರಿಕೆ ಜಾಸ್ತಿ, ಊತ, ನೀರುಗುಳ್ಳೆ, ಸಿಪ್ಪೆ ಏಳುವುದು. ಇದನ್ನು ಹಿಡಿಯಲು ಮುಂಗೈ ಪರೀಕ್ಷೆ ಒಳ್ಳೆಯದು. ಆದ್ದರಿಂದ ಮೊದಲು ಕೈ, ಅದು ಪಾಸಾದ ಮೇಲೆ ದವಡೆ ಅಂಚಿನಲ್ಲಿ ಕಿವಿಯ ಹತ್ತಿರ ಸ್ವಲ್ಪ ಜಾಗ, ಆಮೇಲೆ ಪೂರ್ತಿ ಮುಖ. ಒಂದು ಸಲಕ್ಕೆ ಒಂದೇ ಹೊಸ ವಸ್ತು.

ಅಲರ್ಜಿಯಲ್ಲಿ ಮಜಾ ಏನಂದರೆ ಸೋಮವಾರ ಹಚ್ಚಿದ್ದು ಬುಧವಾರ ಏಳುತ್ತದೆ, ಬೈಗುಳ ತಿನ್ನುವುದು ಮಾತ್ರ ಬುಧವಾರ ಹಚ್ಚಿದ್ದು. ಪದೇ ಪದೇ ಆಗುತ್ತಿದ್ದರೆ ಆಸ್ಪತ್ರೆಯಲ್ಲೇ ಪ್ಯಾಚ್ ಟೆಸ್ಟ್ ಮಾಡಿಸಬಹುದು. ಬೆನ್ನಿಗೆ ಸಣ್ಣ ಸಣ್ಣ ಬಿಲ್ಲೆಗಳಲ್ಲಿ ಪದಾರ್ಥ ಅಂಟಿಸಿ 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ನಮ್ಮಲ್ಲಿ ಅದಕ್ಕೆ ಇಂಡಿಯನ್ ಸ್ಟ್ಯಾಂಡರ್ಡ್ ಸೀರೀಸ್ ಅಂತ ಸಿದ್ಧ ಪಟ್ಟಿಯೇ ಇದೆ. ಸುಗಂಧ, ಹೇರ್ ಡೈಯಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ, ನಿಕ್ಕಲ್ ಎಲ್ಲ ಅದರಲ್ಲಿ ಬರುತ್ತವೆ.

ತುಟಿ, ಕಣ್ಣು ಊದಿಕೊಂಡರೆ, ಉಸಿರು ಕಟ್ಟಿದರೆ ಇಲ್ಲಿ ಪೋಸ್ಟ್ ಹಾಕುತ್ತ ಕೂರಬೇಡಿ. ನೇರ ಆಸ್ಪತ್ರೆಗೆ.

ಹೇರ್‌ಡೈ_ಹೆದರಿಕೆ
ಪಿಪಿಡಿ ಅಂದಿದ್ದಕ್ಕೆ ನೆನಪಾಯಿತು. ನಮ್ಮ ಯಜಮಾನರಿಗೆ ಮುಖವೆಲ್ಲ ಊದಿತ್ತು, ಎಲ್ಲರೂ ಫೇಸ್‌ಕ್ರೀಮ್ ಅಂದುಕೊಂಡೆವು. ಆಗಿದ್ದು ಮೀಸೆಗೆ ಹಚ್ಚಿದ ಕಪ್ಪು ಡೈಯಿಂದ. ಶಾಂಪೂ, ತಲೆಗೆಣ್ಣೆ ಕೂಡ ಹಣೆ ಮೇಲೆ ಇಳಿಯುತ್ತವೆ, ಅವನ್ನೂ ಲೆಕ್ಕಕ್ಕೆ ಹಿಡಿಯಿರಿ.

ದಾವಣಗೆರೆ_ಫಾರ್ಮಸಿ
ನಾನು ಕೌಂಟರಿನ ಈ ಕಡೆಯವನು, ಮೆಡಿಕಲ್ ಶಾಪ್. ಒಂದು ವಿಷಯ ಯಾರೂ ಎತ್ತಿಲ್ಲ, ಆದರೆ ನಮ್ಮೂರುಗಳಲ್ಲಿ ದೊಡ್ಡ ಅನಾಹುತ ಅದೇ.

ಮುಖ ಉರಿ ಅಂತ ಬರುವವರು ಚೀಟಿ ತರುವುದಿಲ್ಲ. "ಕೆಂಪಾಗೈತಿ, ಏನಾರ ಕ್ರೀಮ್ ಕೊಡ್ರಿ" ಅನ್ನುತ್ತಾರೆ. ಅಥವಾ ಪಕ್ಕದ ಮನೆಯವರ ಖಾಲಿ ಟ್ಯೂಬ್ ತಂದು "ಇದೇ ಬೇಕು" ಅನ್ನುತ್ತಾರೆ. ತುದಿಯಿಂದ ಸುತ್ತಿ ಸುತ್ತಿ ಹಿಂಡಿರುತ್ತಾರೆ, ಹೆಸರಿನ ಅರ್ಧ ಅಳಿಸಿಹೋಗಿರುತ್ತದೆ, ಕೆಳಗೆ ಸಣ್ಣಗೆ ಬೀಟಾಮೆಥಾಸೋನ್ ಅಂತಲೋ ಕ್ಲೊಬೆಟಾಸಾಲ್ ಅಂತಲೋ ಕಾಣುತ್ತದೆ. ಅದು ಸ್ಟೀರಾಯ್ಡ್. ಹಚ್ಚಿದ ರಾತ್ರಿಯೇ ಕೆಂಪು ಇಳಿಯುತ್ತದೆ, ಮುಖ ಬೆಳ್ಳಗೆ ಕಾಣುತ್ತದೆ. ಎಲ್ಲರಿಗೂ ಖುಷಿ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳ ಎದ್ದು ಕಂಡು, ರೋಸೇಶಿಯಾ ಇಲ್ಲದವರಿಗೂ ಅದರಂಥದೇ ಗುಳ್ಳೆ ಬರುತ್ತದೆ. ಇದ್ದವರಿಗೆ ಎರಡು ಪಟ್ಟು. ಬಿಟ್ಟರೆ ಮುಖ ಭಗ್ ಅಂತ ಉರಿಯುತ್ತದೆ, ಅದಕ್ಕೇ ಮತ್ತೆ ಹಚ್ಚುತ್ತಾರೆ.

2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರದ ಹಾಗೆ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಕಾಗದದ ಮೇಲೆ. ನಾನು ಕೊಡಲ್ಲ ಅಂದರೆ ಗಿರಾಕಿ ಬೈದು ಎದುರಿನ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಸಿಗುತ್ತದೆ. ಪಿಟಿ ಸರ್, ನಿಮ್ಮ ಮನೆಯಲ್ಲಿರುವ ಎಲ್ಲ ಟ್ಯೂಬ್ ನೋಡಿ. ಹೆಸರಿನ ಕೊನೆಗೆ 'ಸೋನ್', 'ಸೋಲೋನ್', 'ಟಾಸಾಲ್' ಅಂತ ಬಂದರೆ ಅನುಮಾನ ಪಡಿ.

ಉರಿಮುಖಿ
ಈ ಉತ್ತರವನ್ನು ಮೇಲೆ ಪಿನ್ ಮಾಡಿ ನಿರ್ವಾಹಕರೇ.

ಬ್ಯಾಡಗಿ_ಖಾರ
ಎಲ್ಲ ತಪ್ಪೂ ಗಿರಾಕಿದೇ ಅನ್ನುವ ಹಾಗಿದೆ. ಕೇಳದೇ ಕೊಡುವ ಅಂಗಡಿಯವರು ಎಷ್ಟಿಲ್ಲ?

ದಾವಣಗೆರೆ_ಫಾರ್ಮಸಿ
ಇದ್ದಾರೆ. ಎದುರಿನ ಅಂಗಡಿ ಅಂದೆನಲ್ಲ.

ಸ್ಕಿನ್‌ಪಿಜಿ
ಒಂದು ಸೇರಿಸುತ್ತೇನೆ: ಸ್ಟೀರಾಯ್ಡ್ ಬಹಳ ಕಾಲದಿಂದ ಹಚ್ಚುತ್ತಿದ್ದರೆ ಇದನ್ನು ಓದಿ ಇವತ್ತೇ ಕಸಕ್ಕೆ ಎಸೆದು ಸುಮ್ಮನಾಗಬೇಡಿ. ಬಿಡಲೇಬೇಕು, ಆದರೆ ಡಾಕ್ಟರ್ ಜೊತೆಗೆ. ಬಿಟ್ಟ ಮೇಲೆ ಕೆಲವು ವಾರ ಜಾಸ್ತಿ ಆಗುವುದು ಮಾಮೂಲು, ಅದಕ್ಕೆ ಬೇರೆ ಔಷಧಿ ಕೊಡುತ್ತಾರೆ.

ಡಬ್ಲಿನ್‌_ಕನ್ನಡಿಗ
ಐರ್ಲೆಂಡಿನಲ್ಲಿದ್ದೇನೆ. ಇಲ್ಲಿನ ಬಿಳಿಯರಲ್ಲಿ ರೋಸೇಶಿಯಾ ಎಷ್ಟು ಸಾಮಾನ್ಯ ಅಂದರೆ 'ಕೆಲ್ಟರ ಶಾಪ' ಅಂತಲೇ ಕರೆಯುತ್ತಾರೆ. ನನ್ನ ಆಫೀಸಿನಲ್ಲಿ ಯಾರ ಕೆನ್ನೆ ಕೆಂಪಾದರೂ ಡಾಕ್ಟರ್ ನೋಡಿದ ತಕ್ಷಣ ಹೇಳುತ್ತಾರೆ. ನನಗೆ ಮಾತ್ರ ಬಹಳ ಕಾಲ ಮೊಡವೆ ಔಷಧಿಯೇ ಸಿಕ್ಕಿತು. ಕಂದು ಚರ್ಮದಲ್ಲಿ ಕೆಂಪು ಅಷ್ಟಾಗಿ ಕಾಣುವುದಿಲ್ಲ, ಕಪ್ಪಾದ ಹಾಗೆ, ಮಂಕಾದ ಹಾಗೆ ಕಾಣುತ್ತದೆ. ಮೊಡವೆ ಕ್ರೀಮಿನ ಬೆಂಜಾಯಿಲ್ ಪೆರಾಕ್ಸೈಡ್ ಹಚ್ಚಿ ಹಚ್ಚಿ ಮುಖ ಇನ್ನಷ್ಟು ಕೆಟ್ಟಿತು. ಇಲ್ಲಿ ಬಿಸಿಲಿಲ್ಲ, ಆದರೆ ಹೊರಗೆ ಚಳಿಗಾಳಿ, ಒಳಗೆ ಹೀಟರ್. ಉಣ್ಣೆ ಸ್ಕಾರ್ಫ್ ತಾಗಿದರೂ ಕೆನ್ನೆ ಕೆರಳುತ್ತದೆ, ಹತ್ತಿಯದು ಒಳಗೆ ಸುತ್ತಿಕೊಳ್ಳುತ್ತೇನೆ.

ಸ್ಕಿನ್‌ಪಿಜಿ
ಮೊಡವೆಗೂ ಇದಕ್ಕೂ ಒಂದು ಸುಲಭ ಗುರುತು: ಮೊಡವೆಯಲ್ಲಿ ಬ್ಲ್ಯಾಕ್‌ಹೆಡ್ ಇರುತ್ತವೆ, ರೋಸೇಶಿಯಾದಲ್ಲಿ ಇರುವುದಿಲ್ಲ. ಕಂದು ಚರ್ಮದವರಲ್ಲಿ ಬಣ್ಣಕ್ಕಿಂತ 'ಬಿಸಿಯಾಗುತ್ತಾ, ಉರಿಯುತ್ತಾ' ಅಂತ ಕೇಳುವುದು ಮುಖ್ಯ. ಪಿಟಿ ಸರ್, ಕಣ್ಣಲ್ಲಿ ನೀರು ಅಂದಿರಿ. ಸನ್‌ಸ್ಕ್ರೀನ್ ಹಚ್ಚದ ದಿನವೂ ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತಿದ್ದರೆ ಕಣ್ಣಿನ ಡಾಕ್ಟರ್‌ಗೆ ತೋರಿಸಿ. ರೋಸೇಶಿಯಾ ಕಣ್ಣಿಗೂ ಬರುತ್ತದೆ.

ಕಾಫಿಪುಡಿ
ಕಾಫಿ ಬಿಡಬೇಕಾ? ಅದೊಂದು ಹೇಳಿ, ಉಳಿದಿದ್ದು ಆಮೇಲೆ.

ಉರಿಮುಖಿ
ಬಿಸಿ ಬಿಡಿ, ಕಾಫಿ ಬೇಡ ಅಂತ ಯಾರು ಹೇಳಿದ್ದು? 2018ರಲ್ಲಿ ಜಾಮಾ ಡರ್ಮಟಾಲಜಿ ಪತ್ರಿಕೆಯಲ್ಲಿ ಅಮೆರಿಕದ 82,000ಕ್ಕೂ ಹೆಚ್ಚು ನರ್ಸ್‌ಗಳ ಅಧ್ಯಯನ ಬಂತು. ಕಾಫಿ ಜಾಸ್ತಿ ಕುಡಿಯುವವರಲ್ಲಿ ರೋಸೇಶಿಯಾ ಬರುವುದು ಕಡಿಮೆ ಇತ್ತು. ಟೀ ಕುಡಿಯುವವರಲ್ಲಿ ಅಂಥ ಲಾಭ ಕಾಣಲಿಲ್ಲ. ಹಾಗಂತ ಕಾಫಿ ಔಷಧಿ ಅಲ್ಲ. ಲೋಟದಿಂದ ಹಬೆ ಏಳುವಾಗ ಕುಡಿದರೆ ಕೆನ್ನೆ ಕಾಯುತ್ತದೆ. ಎರಡು ಸಲ ಜಾಸ್ತಿ ಎತ್ತಿ ಹುಯ್ಯಿರಿ, ಆರುತ್ತೆ.

ಕಾಫಿಪುಡಿ
ಜೀವ ಬಂತು.

ಪಿಟಿಸರ್_ರಾಯಚೂರು
ಖಾರ? ರೊಟ್ಟಿ ಜೊತೆ ರಂಜಕ ಇಲ್ಲದೆ ಊಟವೇ ಇಲ್ಲ ನಮ್ಮಲ್ಲಿ.

ಬ್ಯಾಡಗಿ_ಖಾರ
ಬ್ಯಾಡಗಿ ಮೆಣಸಿನಕಾಯಲ್ಲಿ ಮಾಡಿಸಿ. ಬಣ್ಣ ಜೋರು, ಖಾರ ಕಡಿಮೆ. ಗುಂಟೂರು ಬಿಟ್ಟುಬಿಡಿ.

ಸ್ಕಿನ್‌ಪಿಜಿ
ತಮಾಷೆಗೆ ಹೇಳಿದರೂ ವಿಷಯ ಇದೆ. ಬಿಸಿಯನ್ನು ಗುರುತಿಸುವ ನರದ ತುದಿಯನ್ನೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೂಡ ತಟ್ಟುತ್ತದೆ. ಅದಕ್ಕೇ ಖಾರ ತಿಂದರೂ, ಬಿಸಿಲಿಗೆ ಹೋದರೂ ಮುಖ ಒಂದೇ ಥರ ಕಾಯುವುದು. ಆದರೆ ಎಲ್ಲರಿಗೂ ಎಲ್ಲವೂ ಆಗುವುದಿಲ್ಲ. ಒಂದು ಪುಸ್ತಕದಲ್ಲಿ ತಿಂದದ್ದು, ಹಚ್ಚಿದ್ದು, ಬಿಸಿಲು ಬರೆದಿಡಿ. ಕುಡಿತ ಕೂಡ ಹಾಗೆಯೇ: ಕೆಲವರಿಗೆ ಕೆಣಕುತ್ತದೆ, ಆದರೆ ಒಂದು ಹನಿ ಮುಟ್ಟದವರಿಗೂ ರೋಸೇಶಿಯಾ ಬರುತ್ತದೆ. ಸ್ಟಾಫ್ ರೂಮಿಗೆ ಇದನ್ನು ಓದಿ ಹೇಳಿ.

ಸೆಖೆಯೂರು
ಸನ್‌ಸ್ಕ್ರೀನ್ ಪ್ರಶ್ನೆ ಹಾಗೇ ಉಳಿಯಿತು. ಸರ್, ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಮಿನರಲ್ ಸನ್‌ಸ್ಕ್ರೀನ್ ನೋಡಿ. ಅವೊಬೆನ್ಝೋನ್ ಥರದ ಕೆಮಿಕಲ್ ಸನ್‌ಸ್ಕ್ರೀನ್‌ಗಳು ಬೆವರಿನ ಜೊತೆ ಕಣ್ಣಿಗೆ ಇಳಿದರೆ ಪ್ರಾಣ ಹೋಗುತ್ತದೆ. ಮಿನರಲ್‌ನಲ್ಲಿ ಒಂದೇ ರಗಳೆ, ನಮ್ಮ ಬಣ್ಣಕ್ಕೆ ಹಚ್ಚಿದರೆ ಯಕ್ಷಗಾನದ ಬಣ್ಣ ಅರ್ಧಕ್ಕೆ ಬಿಟ್ಟು ಚೌಕಿಯಿಂದ ಎದ್ದು ಬಂದ ಹಾಗೆ ಕಾಣುತ್ತದೆ. ಟಿಂಟೆಡ್ ಅಂತ ಸಿಗುತ್ತದೆ, ಐರನ್ ಆಕ್ಸೈಡ್ ಬಣ್ಣ ಸೇರಿಸಿದ್ದು. ಬಿಳಿ ಕಾಣಲ್ಲ.

ಪಿಟಿಸರ್_ರಾಯಚೂರು
ಮಕ್ಕಳು ಮೇಕಪ್ ಅಂತ ನಗಲ್ವಾ?

ಸೆಖೆಯೂರು
ನಗಲಿ ಬಿಡಿ. ಈಗ ಕುಡುಕ ಅಂತ ನಗುತ್ತಿಲ್ವಾ.

ಡಬ್ಲಿನ್‌_ಕನ್ನಡಿಗ
ಸನ್‌ಸ್ಕ್ರೀನ್ ತಡೆಯದ ದಿನಗಳಿಗೆ ಅಗಲ ಅಂಚಿನ ಟೋಪಿ, ಛತ್ರಿ. ಕ್ರಿಕೆಟ್ ಅಂಪೈರ್ ಟೋಪಿ ಹಾಕಿದರೆ ಪಿಟಿ ಸರ್‌ಗೆ ಶೋಭೆಯೇ.

ಕತ್ತರಿಬಾಚಣಿಗೆ
ಸಲೂನ್ ನಡೆಸುವವನು ನಾನು. ಸರ್, ನಮ್ಮಲ್ಲಿ ಶೇವ್ ಆದ ಮೇಲೆ ಪಟಿಕದ ಕಲ್ಲು ಉಜ್ಜುತ್ತಾರೆ, ಮೇಲೆ ಆಫ್ಟರ್‌ಶೇವ್ ಚಿಮುಕಿಸುತ್ತಾರೆ, ಆಮೇಲೆ ಕೇಳದಿದ್ದರೂ ಒಂದು ಕ್ರೀಮ್ ಹಾಕಿ ಪಟಪಟ ಮಸಾಜು. ಪಟಿಕ ಚುಚ್ಚುತ್ತದೆ, ಆಫ್ಟರ್‌ಶೇವ್ ಸ್ಪಿರಿಟ್ಟು, ಶೇವಿಂಗ್ ಕ್ರೀಮಿನಲ್ಲೇ ಎಷ್ಟೋ ಸಲ ಮೆಂಥಾಲ್ ಇರುತ್ತದೆ. ಕೂರುವ ಮುಂಚೆಯೇ "ಬರೀ ನೀರು, ಮತ್ತೇನೂ ಬೇಡ" ಅನ್ನಿ. ವಾಸನೆ ಇಲ್ಲದ ಶೇವಿಂಗ್ ಕ್ರೀಮ್ ನೀವೇ ತನ್ನಿ, ನಾವು ಬೇಜಾರು ಮಾಡಿಕೊಳ್ಳಲ್ಲ. ಕೂದಲು ಬೆಳೆದ ದಿಕ್ಕಿನಲ್ಲೇ ಒಂದು ಸಲ ಎಳೆಸಿ, ಉಲ್ಟಾ ಬೇಡ.

ಮಜ್ಜಿಗೆಹುಳಿ
ಗಡ್ಡ ಬಿಟ್ಟರೆ ಮುಗೀತಲ್ಲ?

ಪಿಟಿಸರ್_ರಾಯಚೂರು
ಹೆಡ್‌ಮಾಸ್ಟರ್ ಬಿಡಲ್ಲ. ಮಕ್ಕಳಿಗೆ ಶಿಸ್ತು ಹೇಳೋನು ನೀನೇ ಅನ್ನುತ್ತಾರೆ.

ಉರಿಮುಖಿ
ಇನ್ನೊಂದು, ಜೆಲ್ ಬಗ್ಗೆ. ಮುಖ ತೊಳೆದ ತಕ್ಷಣ ಒದ್ದೆ ಚರ್ಮಕ್ಕೆ ಔಷಧಿ ಹಚ್ಚಿದರೆ ಉರಿ ಜಾಸ್ತಿ. ಪೂರ್ತಿ ಒಣಗಲು ಬಿಡಿ, ಆಮೇಲೆ ಹಚ್ಚಿ. ಆದರೂ ಉರಿದರೆ ಡಾಕ್ಟರ್‌ನ ಕೇಳಿ, ಜೆಲ್ ಬದಲು ಕ್ರೀಮ್ ಕೊಡಬಹುದು, ಅಥವಾ ಅಝೆಲಾಯಿಕ್ ಆಸಿಡ್, ಐವರ್ಮೆಕ್ಟಿನ್ ಕ್ರೀಮ್ ಥರದ್ದು. ಅಝೆಲಾಯಿಕ್ ಮೊದಲ ವಾರಗಳಲ್ಲಿ ಸ್ವಲ್ಪ ಚುರುಗುಟ್ಟುತ್ತದೆ, ಅದನ್ನು ಅಲರ್ಜಿ ಅಂತ ಬಿಟ್ಟವರು ಬಹಳ ಜನ.

ಕಾಫಿಪುಡಿ
ಐವರ್ಮೆಕ್ಟಿನ್ ದನಕ್ಕೆ ಹುಳದ ಔಷಧಿ ಅಲ್ವಾ?

ದಾವಣಗೆರೆ_ಫಾರ್ಮಸಿ
ದನಕ್ಕೂ ಹೌದು, ಮನುಷ್ಯರಿಗೂ ಹೌದು. ಮುಖಕ್ಕೆ 1 ಪರ್ಸೆಂಟ್ ಕ್ರೀಮ್ ಬೇರೆಯೇ ಇದೆ, 2014ರಲ್ಲಿ ಅಮೆರಿಕದಲ್ಲಿ ರೋಸೇಶಿಯಾಕ್ಕೆ ಅಂತಲೇ ಒಪ್ಪಿಗೆ ಸಿಕ್ಕಿತು. ಡೆಮೊಡೆಕ್ಸ್ ಅನ್ನುವ ಕಣ್ಣಿಗೆ ಕಾಣದ ಹುಳ ರೋಸೇಶಿಯಾದವರ ಮುಖದಲ್ಲಿ ಜಾಸ್ತಿ ಇರುತ್ತದೆ.

ಕಾಫಿಪುಡಿ
ಮುಖದಲ್ಲಿ ಹುಳವಾ!! ಇವತ್ತು ಊಟ ಇಲ್ಲ.

ಸ್ಕಿನ್‌ಪಿಜಿ
ಊಟ ಮಾಡಿ. ದೊಡ್ಡವರಾದ ಹೆಚ್ಚುಕಡಿಮೆ ಎಲ್ಲರ ಮುಖದಲ್ಲೂ ಇರುತ್ತವೆ, ನಿಮ್ಮದರಲ್ಲೂ.

ಪಿಟಿಸರ್_ರಾಯಚೂರು
ಎಲ್ಲರಿಗೂ ಅಪ್‌ಡೇಟ್. ತಂಪು ಲೋಷನ್ ಮೂಲೆ ಸೇರಿತು. ಡಾಕ್ಟರ್‌ಗೆ ಫೋನ್ ಮಾಡಿದೆ, ಜೆಲ್ ಸ್ವಲ್ಪ ದಿನ ಬಿಡಿ ಅಂದರು. ಸಾದಾ ಮಾಯಿಶ್ಚರೈಸರ್ ಮಾತ್ರ ಹಚ್ಚುತ್ತಿದ್ದೇನೆ, ಚುರುಚುರು ಬಹಳ ಕಡಿಮೆ. ಟಿಂಟೆಡ್ ಸನ್‌ಸ್ಕ್ರೀನ್ ಕೈ ಮೇಲೆ ಪರೀಕ್ಷೆಯಲ್ಲಿದೆ. ಪ್ರ್ಯಾಕ್ಟೀಸ್ ಬೆಳಿಗ್ಗೆ ಬೇಗ ಇಟ್ಟುಕೊಳ್ಳಲು ಹೆಡ್‌ಮಾಸ್ಟರ್ ಒಪ್ಪಿದರು. ಗಡ್ಡಕ್ಕೆ ಒಪ್ಪಲಿಲ್ಲ.

ಹೊಸಬ_ಗದಗ
ಥ್ರೆಡ್ ಪೂರ್ತಿ ಓದಿದೆ. ನನಗೆ ರೋಸೇಶಿಯಾ ಇಲ್ಲ. ನಮ್ಮ ಮನೆಯವರು ಮುಖದ ಬಂಗಿಗೆ (ಕಪ್ಪು ಕಲೆಗೆ) ಒಂದು ಕ್ರೀಮ್ ಹಚ್ಚುತ್ತಾರೆ, ಈಚೆಗೆ ಒಲೆ ಮುಂದೆ ನಿಂತರೆ ಸಾಕು ಮುಖ ಉರಿ ಅನ್ನುತ್ತಾರೆ. ಟ್ಯೂಬ್ ಮೇಲೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಅಂತಿದೆ. ಇದರಲ್ಲಿ ಸ್ಟೀರಾಯ್ಡ್ ಇದೆಯಾ?

ದಾವಣಗೆರೆ_ಫಾರ್ಮಸಿ
ಇದೆ. ಕೊನೆಯದು. ಎಷ್ಟು ದಿನದಿಂದ ಹಚ್ಚುತ್ತಿದ್ದಾರೆ? ಚೀಟಿ ಇದೆಯಾ?

ಹೊಸಬ_ಗದಗ
ಅತ್ತಿಗೆ ಕೊಟ್ಟಿದ್ದು. ಎರಡು ವರ್ಷದ ಮೇಲಾಯಿತು.

ಸ್ಕಿನ್‌ಪಿಜಿ
ಈ ವಾರವೇ ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಟ್ಯೂಬನ್ನೂ ಜೊತೆಗೆ ಒಯ್ಯಿರಿ. ಅತ್ತಿಗೆಯನ್ನೂ.